ತಿದ್ದಿದವನ ಬೇಲಿ

“ಅಣ್ಣಾ, ನಿಮ್ಮ ಮನೇಲಿ ಏನು ಬೇಕಾದ್ರೂ ಮಾಡ್ಕೊಳ್ಳಿ. ಈ ಬೇಲಿ ಒಂದನ್ನ ಮುಟ್ಟಬೇಡಿ.”

ಪಕ್ಕದ ಮನೆಯ ಹೊಲಿಗೆಯಮ್ಮ ಹೀಗೆ ಹೇಳುವ ಹೊತ್ತಿಗೆ ಅವನು ಆಗಲೇ ಬೇಲಿಯ ಹಲಗೆಗೆ ಅಳತೆಯ ಟೇಪು ಹಿಡಿದು ನಿಂತಿದ್ದ. ಹೆಂಡತಿ, ಮಗಳೊಂದಿಗೆ ಈ ಲೇಔಟಿಗೆ ಬಂದು ಇನ್ನೂ ಪಾತ್ರೆಯ ಪೆಟ್ಟಿಗೆಗಳನ್ನೂ ಪೂರ್ತಿ ಬಿಚ್ಚಿರಲಿಲ್ಲ. ಅಷ್ಟರಲ್ಲೇ ಜನ ಅವನಿಗೆ ಅಳತೆಗಾರ ಎಂದು ಹೆಸರಿಟ್ಟಾಗಿತ್ತು. ಕಿಟಕಿ, ಬಾಗಿಲು, ಕಪಾಟು, ವಾರ್ಡ್‌ರೋಬು ಮಾಡುವ ವರ್ಕ್‌ಶಾಪು ಅವನದು. ಕೆಲಸದಲ್ಲಿ ಪಳಗಿದವನೇ, ಇಲ್ಲವೆನ್ನಲಾಗದು. ಆದರೆ ಸೊಟ್ಟಗಿರುವುದು ಏನು ಕಂಡರೂ, ಅದು ಯಾರದ್ದೇ ಆಗಿರಲಿ, ತಿದ್ದದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಇನ್ನೊಬ್ಬರ ಮನೆಗೆ ಊಟಕ್ಕೆ ಹೋದರೂ ಬಾಗಿಲು ಕಿರುಗುಟ್ಟಿತೆಂದು ಎದ್ದು ಹೋಗಿ ಸ್ಕ್ರೂ ಬಿಗಿಯುವ ಆಸಾಮಿ.

ಬೇಲಿಯೂ ಅವನ ಕಣ್ಣಿಗೆ ಚುಚ್ಚುವ ಹಾಗೇ ಇತ್ತು. ಎಣ್ಣೆ ಕುಡಿದು ಕುಡಿದು ಕಪ್ಪಾದ ಹಲಗೆಗಳು, ಒಂದು ಮೇಲೆ, ಒಂದು ಕೆಳಗೆ. ಇಡೀ ಸಾಲು ಅವನ ಅಂಗಳದ ಕಡೆ ವಾಲಿಕೊಂಡಿತ್ತು. ಹತ್ತಿರ ಹೋದರೆ ಸುಟ್ಟ ಕೂದಲಿನ ವಾಸನೆ, ಅದರ ಹಿಂದೆಯೇ ಹಸಿ ಕಬ್ಬಿಣದ್ದು.

“ಮುಟ್ಟಿದ್ರೆ ಏನಾಗುತ್ತೆ ಅಮ್ಮ, ಶಾಕ್ ಹೊಡೆಯುತ್ತಾ?”

“ಅದಕ್ಕೆ ಮಾಟ ಮಾಡ್ಸಿದಾರೆ. ಒಳ್ಳೇದಲ್ಲ.”

ಅವನು ತಲೆ ಹಿಂದಕ್ಕೆಸೆದು ನಕ್ಕ. “ಹಾಗಾದ್ರೆ ಮಾಟಕ್ಕೂ ಒಂದು ಕೋಟು ಪಾಲಿಶ್ ಹೊಡೆದುಕೊಡ್ತೀನಿ ಬಿಡಿ.”

ಅವಳು ವಾದ ಮಾಡಲಿಲ್ಲ. ಕೊರಳಿಗೆ ಹಾಕಿಕೊಂಡ ಟೇಪಿನ ಎರಡು ತುದಿಗಳನ್ನೂ ಹಿಡಿದುಕೊಂಡು ಒಂದೇ ಮಾತು ಕೇಳಿದಳು. “ನಾನು ಹೇಳಿದ್ದು ನಿಮಗೆ ಕೇಳಿಸ್ತು ತಾನೆ?”

“ಕೇಳಿಸ್ತು ತಾಯಿ, ಕಿವಿ ಚೆನ್ನಾಗಿದೆ.”

ಅವಳ ಭುಜ ಇಳಿಯಿತು. ಆ ಮುಖದಲ್ಲಿ ಹೆದರಿಕೆ ಇತ್ತು. ಜೊತೆಗೆ ಇನ್ನೇನೋ ಇತ್ತು, ಅದನ್ನು ನೋಡುವ ತಾಳ್ಮೆ ಅವನಿಗಿರಲಿಲ್ಲ. ಅವಳ ಬೆನ್ನ ಹಿಂದಿನ ಕಿಟಕಿಯಲ್ಲಿ ಅವಳ ಮಗ ನಿಂತಿದ್ದ. ಪ್ರಾಯಕ್ಕೆ ಬಂದ ಗಂಡಸು, ಬಿಸಿಲು ಕಾಣದ ಮೈಬಣ್ಣ. ಅವನು ಗೇಟು ದಾಟಿದ್ದನ್ನು ಕಂಡವರೇ ಇಲ್ಲವೆಂದೂ ಕೂತು ತಿನ್ನುವ ಸೋಮಾರಿಯೆಂದೂ ಲೇಔಟಿನವರು ಆಡಿಕೊಳ್ಳುತ್ತಿದ್ದರು.

ಆಡಿಕೊಳ್ಳುವುದನ್ನು ಬಿಟ್ಟರೆ ಆ ಲೇಔಟಿನವರಿಗೆ ಬೇರೆ ಕಸುಬಿರಲಿಲ್ಲ. ಒಂದೇ ಅಚ್ಚಿನ ಮನೆಗಳು, ಒಂದೇ ಬಣ್ಣ. ಪ್ರತಿ ಪರದೆಯ ಹಿಂದೆ ಒಂದು ಜೊತೆ ಕಣ್ಣು. ಮನೆಗೊಂದು ಬೇಲಿ: ರಸ್ತೆಗೆ ಮುಖ ಮಾಡಿ ನಿಂತರೆ ಎಡಗಡೆಯದು ನಿಮ್ಮದು, ಬಲಗಡೆಯದು ಪಕ್ಕದವರದು. ಪಕ್ಕದವರ ಬೇಲಿಗೆ ಬಟ್ಟೆ ಒಣಹಾಕುವಂತಿಲ್ಲ, ಮೊಳೆ ಹೊಡೆಯುವಂತಿಲ್ಲ. ಬೇಡವೆಂದ ಮೇಲೂ ಯಾರಾದರೂ ಕೈ ಹಾಕಿ ತಿದ್ದಿದರೆ, ಅಲ್ಲಿಂದ ಮುಂದೆ ಆ ಬೇಲಿ ತಿದ್ದಿದವನ ಪಾಲು, ಅದರ ಪೂರ್ತಿ ಹೊಣೆಯೂ ಅವನದೇ. ಕೀಲಿಕೈ ಕೊಡುವಾಗ ಸೆಕ್ರೆಟರಿ ಇದನ್ನು ಬಿಡಿಸಿ ಹೇಳಿದ್ದರು. ಅಳತೆಗಾರ ಆಕಳಿಸುತ್ತ ಕೇಳಿದ್ದ.

ರಜೆಯ ದಿನ ಮಧ್ಯಾಹ್ನ ಅವನು ಗರಗಸ ತಂದ. ಮೋಡ ಕವಿದು ಬೆಳಕು ಬೂದಿಯ ಹಾಗಿತ್ತು. ಆಚೆಯಿಂದ ಹೊಲಿಗೆ ಮಿಷನ್ನಿನ ಟಕಟಕ ಕೇಳುತ್ತಿತ್ತು. ಮೊದಲ ಹಲಗೆಗೆ ಗರಗಸ ಕಚ್ಚಿದ್ದೇ ತಡ, ಮಿಷನ್ನು ನಿಂತಿತು.

“ಯಾಕ್ರೀ ಬೇಕು ಇದೆಲ್ಲ? ಆಯಮ್ಮ ಬೇಡ ಅಂದಿದ್ರಲ್ಲ,” ಎಂದಳು ಹೆಂಡತಿ ಬಾಗಿಲಿನಿಂದ.

“ನೀನೊಬ್ಬಳು ಬಾಕಿ ಇದ್ದೆ.”

ಹಲಗೆ ಮರದ ಹಾಗೆ ಕೊಯ್ಯಿಸಿಕೊಳ್ಳಲಿಲ್ಲ. ಗರಗಸ ಒಳಗಿಳಿದಂತೆಲ್ಲ ಮೆತ್ತಗಾಯಿತು, ಅಂಟಂಟಾಯಿತು. ಹೊಟ್ಟಿನ ಬದಲು ಕಂದು ಬಣ್ಣದ ಹಿಟ್ಟಿನಂಥದ್ದು ಬೆರಳಿಗೆ ಮೆತ್ತಿಕೊಂಡಿತು. ಒಂದು ಹಲಗೆ ಕಿತ್ತಾಗ ಅದಕ್ಕೂ ಕಂಬಕ್ಕೂ ನಡುವಿನ ಸಂದಿಯಿಂದ ಏನೋ ಉದುರಿತು. ಕಪ್ಪು ದಾರ ಸುತ್ತಿದ ಕೂದಲಿನ ಉಂಡೆ, ಅದರೊಳಗೆ ಪುಟ್ಟದೊಂದು ಹಾಲುಹಲ್ಲು. ಅವನು ಅದನ್ನು ಕಾಲಿನಿಂದ ಕಸದ ಗುಡ್ಡೆಗೆ ತಳ್ಳಿದ. ಪ್ರತಿ ಹಲಗೆಯ ಹಿಂದೆಯೂ ಅಂಥದ್ದೇ ಇತ್ತು. ಎಲ್ಲವನ್ನೂ ತಳ್ಳಿದ, ಕಂಬ ನೆಟ್ಟಗೆ ನಿಲ್ಲಿಸಿದ, ಹಲಗೆಗಳ ತಲೆ ಸಮಮಾಡಿದ. ಸಂಜೆಗೆ ಬೇಲಿ ದಾರ ಹಿಡಿದು ಗೆರೆ ಎಳೆದಷ್ಟು ನೇರವಾಯಿತು. ಕೈ ಎಷ್ಟು ಸಲ ತೊಳೆದರೂ ಸುಟ್ಟ ಕೂದಲಿನ ವಾಸನೆ ಹೋಗಲಿಲ್ಲ. ಆದರೂ ಅವನು ಬಲು ಖುಷಿಯಾಗಿ ಊಟ ಮಾಡಿದ.

ಬೆಳಿಗ್ಗೆ ಶಾಲೆಯ ವ್ಯಾನು ಹಾರನ್ ಹೊಡೆಯಿತು. ಮಗಳು ಚುಮ್ಮಿ, ಒಂದನೇ ಕ್ಲಾಸಿನ ಹುಡುಗಿ, ಚೀಲ ಬೆನ್ನಿಗೆ ಹಾಕಿಕೊಂಡು ಓಡಿದಳು. ತೆರೆದ ಗೇಟಿನ ಹತ್ತಿರ ಹೋದವಳು ತಟ್ಟನೆ ನಿಂತಳು.

“ಯಾಕೆ ಚುಮ್ಮಿ? ಹತ್ತಮ್ಮ.”

“ಉಸಿರು ಬರ್ತಿಲ್ಲ ಅಪ್ಪ.”

ಶಾಲೆ ತಪ್ಪಿಸುವ ಆಟ ಎಂದುಕೊಂಡ ಅವನು ಅವಳನ್ನು ಎತ್ತಿಕೊಂಡು ಗೇಟು ದಾಟಿದ. ತೋಳಿನಲ್ಲಿದ್ದ ಮಗು ಮರದ ದಿಮ್ಮಿಯಷ್ಟು ಭಾರವಾಯಿತು. ಅವಳ ಎದೆಯಿಂದ ಹಸಿ ಮರ ಕೊಯ್ಯುವ ಸದ್ದು ಬಂತು. ತುಟಿ ನೀಲಿಗಟ್ಟಿತು. ಮೂಗಿನಿಂದ ರಕ್ತ ಇಳಿದು ಅವನ ಅಂಗಿಯ ತೋಳು ನೆನೆಯಿತು. ತಿರುಗಿ ಒಳಗೆ ಓಡಿ ಅಂಗಳದಲ್ಲಿ ಕುಸಿದು ಕೂತ. ಮಗು ದೀರ್ಘವಾಗಿ ಉಸಿರೆಳೆದುಕೊಂಡು ಅಳತೊಡಗಿತು.

ಆಗಲೇ ಪಕ್ಕದ ಗೇಟು ಕಿರುಗುಟ್ಟಿತು. ಹೊಲಿಗೆಯಮ್ಮನ ಮಗ ಬರಿಗಾಲಲ್ಲಿ ರಸ್ತೆಗೆ ಕಾಲಿಟ್ಟ. ಒಂದು ಹೆಜ್ಜೆ ಇಟ್ಟು ನಿಂತ, ಇನ್ನೊಂದು ಇಟ್ಟ. ಆಮೇಲೆ ಓಡಲು ಶುರುಮಾಡಿದ. ಮುಖದ ತುಂಬ ಕಣ್ಣೀರು ಸುರಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ. ರಸ್ತೆಯುದ್ದಕ್ಕೂ ಪರದೆಗಳು ಒಂದೊಂದಾಗಿ ಮುಚ್ಚಿಕೊಂಡವು.

ಡಾಕ್ಟರು ಮನೆಗೇ ಬಂದು ನೋಡಿದರು. ಎದೆ ಸರಿಯಾಗಿದೆ, ಎಲ್ಲವೂ ಸರಿಯಾಗಿದೆ ಎಂದರು. ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದಾಗ ಹೆಂಡತಿ ಮಗುವನ್ನು ಅಪ್ಪಿಕೊಂಡು ಮತ್ತೊಮ್ಮೆ ಗೇಟಿನ ತನಕ ಹೋದಳು. ಮಗುವಿನ ಕಿರುಚಾಟಕ್ಕೆ ಡಾಕ್ಟರೇ ಬೇಡ, ಬೇಡ ಎಂದು ವಾಪಸು ಕರೆದರು.

ಅಳತೆಗಾರ ಹೊಲಿಗೆಯಮ್ಮನ ಬಾಗಿಲಿಗೆ ನುಗ್ಗಿದಾಗ ಅವಳು ಸಾಮಾನು ಕಟ್ಟುತ್ತಿದ್ದಳು.

“ಏನು ಮಾಡಿದೀಯ ನನ್ನ ಮಗುಗೆ?”

“ನಾನಲ್ಲ ಅಣ್ಣ. ನಿಮ್ಮ ಮನೇಲಿ ಮುಂಚೆ ಇದ್ದ ಮನುಷ್ಯ.” ಅವಳು ತಲೆ ಎತ್ತಲಿಲ್ಲ. “ಬೇಲಿ ಅವನದು ಅಂತ ಅವನು, ನಮ್ಮದು ಅಂತ ನಮ್ಮನೆಯವರು. ಜಗಳದಲ್ಲಿ ನಾವೇ ಗೆದ್ವಿ. ಅವನು ಯಾರನ್ನೋ ಕರ್ಕೊಂಡು ಬಂದು ಇದನ್ನ ಮಾಡಿಸಿ ಹೋದ. ಈ ಬೇಲಿ ಯಾರದೋ ಅವರ ಕುಡಿ ಇದರೊಳಗೇ ಇರಲಿ ಅಂದ. ಆಗ ನನ್ನ ಮಗನಿಗೆ ಇನ್ನೂ ಹಲ್ಲು ಬೀಳ್ತಿದ್ವು.”

“ಈಗ ಬೇಲಿ...”

“ನಿಮ್ಮದು. ಇಲ್ಲಿನ ರೂಲು ಹೇಗೋ ಆ ಮಾಟನೂ ಹಾಗೇ. ಬೇಡ ಅಂತ ಹೇಳಬೇಕು, ಕೇಳಿಸ್ಕೊಂಡೂ ತಿದ್ದಬೇಕು. ಹೇಳದೆ ದಾಟಿಸೋಕೆ ಆಗಲ್ಲ. ಬಂದೋರಿಗೆಲ್ಲ ಹೇಳ್ದೆ, ಎಲ್ಲ ಹೆದರ್ಕೊಂಡು ದೂರ ಇದ್ರು. ನಗೋರು ಒಬ್ಬರೂ ಸಿಗಲಿಲ್ಲ.” ಈಗ ಅವಳು ಅವನನ್ನು ನೋಡಿದಳು. “ನೀವು ನಕ್ರಿ.”

ಅವನಿಗೆ ಅವಳ ಕತ್ತು ಹಿಸುಕಬೇಕೆನಿಸಿತು. ಹಿಸುಕುತ್ತಿದ್ದನೇನೋ, ಆದರೆ ಬೇರೊಂದು ಯೋಚನೆ ಹೊಳೆದು ಕೈ ತಡೆಯಿತು. ಬೇಲಿ ಇದ್ದರೆ ತಾನೇ ಬೇಲಿಯ ಒಳಗು? ಬುಡಸಮೇತ ಕಿತ್ತು ಸುಟ್ಟುಬಿಟ್ಟರೆ ಮುಗಿಯಿತು.

ಅವನು ಬಾಯಿಬಿಟ್ಟು ಹೇಳದಿದ್ದರೂ ಅವಳಿಗೆ ಗೊತ್ತಾಯಿತು. ಓಡಿಬಂದು ಅವನ ತೋಳು ಹಿಡಿದಳು. “ಕೀಳಬೇಡಿ ಅಣ್ಣ. ನಮ್ಮನೆಯವರು ಹಿಂದುಗಡೆ ಒಂದಿಷ್ಟು ಹಲಗೆ ಕಿತ್ರು. ನನ್ನ ಮಗನಿಗೆ ಹಿತ್ತಲೇ ಹೋಯ್ತು. ಬೇಲಿ ಇದ್ರೆ ಅಂಗಳನಾದ್ರೂ ಉಳಿಯುತ್ತೆ. ಹೀಗೇ ಬಿಡಿ. ಯಾರಾದ್ರೂ ನಗೋರು ಬರ್ತಾರೆ.”

“ಮೊದಲು ಮುಟ್ಟಬೇಡ ಅಂದು ಮುಟ್ಟಿಸ್ದೆ. ಈಗ ಕೀಳಬೇಡ ಅಂತೀಯ. ನನ್ನನ್ನ ಏನು ಅಂದ್ಕೊಂಡಿದೀಯ?”

“ಆವತ್ತು ನನ್ನ ಮಗನಿಗೋಸ್ಕರ ಹೇಳ್ದೆ. ಇವತ್ತು ನಿಮ್ಮ ಮಗಳಿಗೋಸ್ಕರ ಹೇಳ್ತಿದೀನಿ.”

ಅವನು ಕೈ ಕೊಡವಿಕೊಂಡು ಹೊರಟ. ಒಂದು ಸಲ ಮೋಸಹೋದವನು ಎರಡನೇ ಸಲ ಹೋಗಲಾರೆನೆಂದು ಪಣತೊಟ್ಟಾಗ ಅವನ ಕಿವಿಗೆ ಯಾವ ಸತ್ಯವೂ ಇಳಿಯುವುದಿಲ್ಲ. ಹಾರೆ ತಂದ. ಆಕಾಶ ಇನ್ನಷ್ಟು ಕಪ್ಪಾಗಿತ್ತು, ಗಾಳಿ ಸತ್ತುಹೋಗಿತ್ತು. ಚುಮ್ಮಿ ವರಾಂಡದಲ್ಲಿ ಬಳಪ ಹಿಡಿದು ನೆಲದ ಮೇಲೆ ಏನೋ ಬರೆಯುತ್ತಿದ್ದಳು.

ಮೊದಲ ಕಂಬ ಕಿತ್ತ. ಗುಂಡಿಯಿಂದ ಕೊಳೆತ ಬಿಸಿ ಉಸಿರಿನಂಥದ್ದು ಮುಖಕ್ಕೆ ಹೊಡೆಯಿತು. ಎರಡನೆಯದು ಕಿತ್ತ. ಮೊಳೆಗಳು ಸಳಸಳ ಕಳಚಿ ಬಂದವು, ಯಾರೋ ಒಳಗಿನಿಂದ ದೂಡಿದ ಹಾಗೆ. ಬೆವರು ಕಣ್ಣಿಗಿಳಿಯಿತು. ಅವನು ನಿಲ್ಲಲಿಲ್ಲ. ಕೊನೆಯ ಕಂಬ ಅಲುಗಿತು. ಬಿತ್ತು.

“ಅಪ್ಪಾ!”

ವರಾಂಡದಲ್ಲಿ ಮಗು ಕವುಚಿ ಬಿದ್ದಿತ್ತು. ಹೆಂಡತಿ ಕಾಲು ಹಿಡಿದು ಅವಳನ್ನು ಹೊಸ್ತಿಲ ಒಳಗೆ ಎಳೆದುಕೊಂಡಳು. ಒಳಗೆ ಬಂದದ್ದೇ ಉಸಿರು ಬಂತು. ಕೈ ಮಾತ್ರ ಹೊಸ್ತಿಲ ಆಚೆ ಉಳಿದಿತ್ತು. ಬೆರಳುಗಳು ಕಪ್ಪಾಗುತ್ತಿದ್ದವು. ಅದನ್ನೂ ಎಳೆದುಕೊಂಡಳು.

ಅಂಗಳ ಹೋಗಿತ್ತು. ಈಗ ಮನೆಯ ಗೋಡೆಯೇ ಬೇಲಿ.

ಆಗಲಾದರೂ ಅವನು ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅವನಿಗೆ ಬಾಗಿಲ ಚೌಕಟ್ಟು ಮಾತ್ರ ಕಂಡಿತು. ಮಗುವನ್ನು ತಡೆದದ್ದು ಅದೇ ಅಲ್ಲವೇ. ಸುತ್ತಿಗೆ ಎತ್ತಿದ. ಹೆಂಡತಿ ಬೇಡ ಎಂದು ಕೂಗಿದಳು. ಹೊಡೆದ. ಗಾರೆ ಉದುರಿತು. ಮತ್ತೆ ಹೊಡೆದ. ಕರೆಂಟು ಹೋಯಿತು. ಕತ್ತಲೆಯಲ್ಲಿ ಸುಟ್ಟ ಕೂದಲು ನಾರಿತು. ಚೌಕಟ್ಟು ಕಿತ್ತು ಬಂತು. ನಡುಮನೆಯಲ್ಲಿದ್ದ ಮಗು ಗಂಟಲು ಹಿಡಿದುಕೊಂಡಿತು. ತೆವಳಿತು. ಕೆಮ್ಮಿತು. ಮಲಗುವ ಕೋಣೆಯೊಳಗೆ ಉರುಳಿಕೊಂಡು ಹೋಗಿ, ಅಲ್ಲಿ ಮಾತ್ರ, ಉಸಿರೆಳೆದುಕೊಂಡಿತು.

ಅವನ ಕೈಯಿಂದ ಸುತ್ತಿಗೆ ಜಾರಿತು.

ಹೆಂಡತಿ ಕೋಣೆಯ ಬಾಗಿಲಿಗೆ ಅಡ್ಡ ನಿಂತಳು. ಅವಳ ದನಿ ಏರಲಿಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅವನನ್ನು ಹಾಗೆ ನೋಡಿರಲಿಲ್ಲ. “ಇನ್ನೊಂದು ಹೆಜ್ಜೆ ಇಟ್ರೆ ನಾನು ಸುಮ್ಮನಿರಲ್ಲ. ನೀವು ಕೈ ಹಾಕಿದ್ದೆಲ್ಲ ಕಿರಿದಾಗ್ತಿದೆ.”

ಅವನು ಗೋಡೆಗೂ ಆನದೆ ನಡುಮನೆಯಲ್ಲೇ ನಿಂತ. ಪಕ್ಕದ ಮನೆಯ ಸಾಮಾನು ಹೇರಿಕೊಂಡ ಲಾರಿ ಹೊರಟುಹೋದ ಸದ್ದು ಕೇಳಿಸಿತು. ಇನ್ನು ಯಾರು ನಕ್ಕರೂ ಅಷ್ಟೆ, ತಿದ್ದಲು ಅಲ್ಲಿ ಬೇಲಿಯೇ ಇರಲಿಲ್ಲ.

ಮಾರನೆಯ ದಿನ ಸೆಖೆ ವಿಪರೀತವಾಯಿತು. ಹೆಂಡತಿ ಮಗುವಿಗೆ ನೀರು ತರಲು ಅಡುಗೆಮನೆಗೆ ಹೋದಾಗ ಅವನು ಮೆಲ್ಲಗೆ ಕೋಣೆಯೊಳಗೆ ಬಂದ. ಮಂಚದ ಮೇಲೆ ಚುಮ್ಮಿ ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಹಣೆಗೆ ಕೂದಲು ಅಂಟಿಕೊಂಡಿತ್ತು.

“ಅಪ್ಪಾ, ಸೆಖೆ ಆಗ್ತಿದೆ. ಕಿಟಕಿ ತೆಗೀತೀಯಾ?”

ಅವನು ಕಿಟಕಿಯ ಹತ್ತಿರ ಹೋದ. ಚಿಲಕಕ್ಕೆ ಕೈ ಚಾಚಿದ. ಜೀವನವಿಡೀ ಕಿಟಕಿ ಬಾಗಿಲು ಮಾಡಿದ ಮನುಷ್ಯ ಅವನು. ಆದರೆ ಕಿಟಕಿ ತೆಗೆದರೆ ಅದು ಬರೀ ತೆಗೆದ ಹಾಗೋ, ತಿದ್ದಿದ ಹಾಗೋ, ಅವನಿಗೆ ಗೊತ್ತಿರಲಿಲ್ಲ.

“ತೆಗಿ ಅಪ್ಪಾ.”

ಅವನು ಚಾಚಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಮಗಳ ಕಡೆ ತಿರುಗುವ ಧೈರ್ಯವಾಗದೆ ಅಲ್ಲೇ ನಿಂತುಬಿಟ್ಟ.