ಸೊನ್ನೆ ಒತ್ತಿದ ಬೆಳಿಗ್ಗೆ

"ಆ ಡಬ್ಬೀನ ಇಲ್ಲಿ ಹಾಕ್ಬೇಡಿ! ಮೊದ್ಲು ಆಚೆ ತಗೊಂಡ್ ಹೋಗಿ!"

ನೊಣವಿನಕೆರೆಯ ಕೊಬ್ಬರಿ ಗೋಡೌನಿನಲ್ಲಿ ಗಂಗಲಕ್ಷ್ಮಿಯ ದನಿ ಹೀಗೆ ಏರಿದ್ದನ್ನು ಯಾರೂ ಕೇಳಿರಲಿಲ್ಲ. ಕೊಬ್ಬರಿ ಆರಿಸುತ್ತಿದ್ದ ಹೆಂಗಸರ ಕೈಗಳು ನಿಂತೇಹೋದವು.

ಏಣಿಯ ಮೇಲಿದ್ದವನು ಮೆಲ್ಲಗೆ ತಿರುಗಿದ.

ತಿಮ್ಮರಾಜು!

ಎರಡು ವರ್ಷ... ಎರಡು ವರ್ಷದಲ್ಲಿ ಮನುಷ್ಯ ಇಷ್ಟೊಂದು ಸೊರಗುತ್ತಾನಾ? ಮೂವತ್ತು ತುಂಬುವ ಮೊದಲೇ ಕಿವಿಯ ಪಕ್ಕ ನರೆ ಬಂದಿತ್ತು. ಅವಳ ಎದೆ ಒಂದು ಕ್ಷಣ ಮೆತ್ತಗಾಯಿತು. ಮೆತ್ತಗಾದದ್ದಕ್ಕೇ ಅವಳಿಗೆ ತನ್ನ ಮೇಲೆ ಇನ್ನಷ್ಟು ಸಿಟ್ಟು ಬಂತು.

"ನೀವು ಇಲ್ಲಿ ಕೆಲಸಕ್ಕಿದ್ದೀರಾ ಅಂತ ನಂಗೆ ಗೊತ್ತಿರ್ಲಿಲ್ಲ," ಅವನು ಇಳಿದು ಬಂದ.

"ಗೊತ್ತಿದ್ದಿದ್ರೆ ಬತ್ತಿರ್ಲಿಲ್ವಾ?"

"ಬರ್ತಿದ್ದೆ. ನನ್ನನ್ನ ಎಷ್ಟು ಬೇಕಾದ್ರೂ ಬೈಯಿರಿ ಗಂಗಲಕ್ಷ್ಮಿ. ಆದ್ರೆ ಈ ಡಬ್ಬಿ ಇಲ್ಲಿ ಬೇಕು."

"ನಮ್ಮಪ್ಪನ್ನ ತಿಂದ ಡಬ್ಬಿ ಕಣ್ರೀ ಅದು!"

ಅವನು ತಲೆ ತಗ್ಗಿಸಿದ.

ಹುಡುಗಿ ಬಾಯಿಬಡುಕಿ ಅಂದುಕೊಳ್ಳಬೇಡಿ. ಅವಳ ಸಂಕಟ ಏನೆಂದು ಕೇಳಿದರೆ ನೀವೂ ಅವಳ ಪಕ್ಕವೇ ನಿಲ್ಲುತ್ತೀರಿ.

ಅವಳ ಅಪ್ಪ ಮಾರಯ್ಯ ಹೊನ್ನವಳ್ಳಿಯ ಒಂದು ಗೋಡೌನಿನಲ್ಲಿ ಮೇಸ್ತ್ರಿ. ಕೊಬ್ಬರಿಗೆ ಹುಳ ಬಿದ್ದರೆ ಚೀಲಗಳ ನಡುವೆ ವಿಷದ ಮಾತ್ರೆ ಇಟ್ಟು, ಏಳು ದಿನ ಬಾಗಿಲು ಮುಚ್ಚುತ್ತಾರೆ. ಮಾತ್ರೆಯಿಂದ ಏಳುವ ಆವಿಗೆ ಹುಳ ಸಾಯುತ್ತದೆ. ಮನುಷ್ಯ ಸಿಕ್ಕಿದರೆ ಮನುಷ್ಯನೂ ಉಳಿಯುವುದಿಲ್ಲ. ಅದು ಕಣ್ಣಿಗೆ ಕಾಣುವುದಿಲ್ಲ. ವಾಸನೆ ಹಿಡಿಯೋಣವೆಂದರೆ, ಮೂವತ್ತು ವರ್ಷ ಕೊಬ್ಬರಿ ಧೂಳು ಕುಡಿದ ಮಾರಯ್ಯನ ಮೂಗು ಯಾವತ್ತೋ ಸತ್ತುಹೋಗಿತ್ತು.

ಆಗ ಬಂದವನು ಹುಳಿಯಾರಿನ ತಿಮ್ಮರಾಜು. ತುಮಕೂರಿನ ಒಂದು ಸಣ್ಣ ಕಂಪನಿಯ ಇಂಜಿನಿಯರು. ಅವನ ಕೈಯಲ್ಲಿ ಊಟದ ಡಬ್ಬಿಯಷ್ಟೇ ಇರುವ ಒಂದು ಸೆನ್ಸರು.

"ಇದ್ರೊಳಗೆ ಕಣ್ಣಿಗೆ ಕಾಣದ ಬೆಳಕು ಇರುತ್ತೆ, ಇನ್‌ಫ್ರಾರೆಡ್ ಅಂತ," ಅವನು ಅವಳಿಗೆ ವಿವರಿಸಿದ್ದ. "ಈ ತುದಿಯಿಂದ ಆ ತುದಿಗೆ ಓಡುತ್ತೆ. ನಡುವೆ ವಿಷದ ಆವಿ ಇದ್ರೆ ಆ ಬೆಳಕನ್ನ ಒಂದಿಷ್ಟು ಕುಡಿದುಬಿಡುತ್ತೆ. ಎಷ್ಟು ಕಮ್ಮಿ ಆಯ್ತು ಅಂತ ನೋಡಿ ಡಬ್ಬಿ ಕೂಗುತ್ತೆ."

"ಒಳ್ಳೆ ಗಾಳಿ ಯಾವ್ದು ಅಂತ ಅದ್ಕೆ ಹೆಂಗೆ ಗೊತ್ತಾಯ್ತದೆ?"

ಅವನು ಬೆರಗಾಗಿ ಅವಳನ್ನು ನೋಡಿದ್ದ. ಇಷ್ಟು ದಿನದಲ್ಲಿ ಯಾರೂ ಕೇಳದ ಪ್ರಶ್ನೆ!

"ನಾವೇ ಹೇಳಿಕೊಡಬೇಕು. ದಿನಾ ಬೆಳಿಗ್ಗೆ ಆಚೆ ತಗೊಂಡು ಹೋಗಿ ಈ ನೀಲಿ ಗುಂಡಿ ಒತ್ತಿ. ಇದೇ ಒಳ್ಳೆ ಗಾಳಿ, ಇದೇ ಸೊನ್ನೆ ಅಂತ ಅದು ಕಲಿಯುತ್ತೆ. ಆಮೇಲೆ ಒಳಗಿಟ್ಟು ನೋಡಬೇಕು. ಹಸಿರು ದೀಪ ಬಂದ್ರೆ ಹೋಗಬಹುದು. ಕೆಂಪು ಬಂದ್ರೆ ಕಾಲಿಡಬಾರದು."

ಮಾರಯ್ಯನಿಗೆ ಓದು ಬಾರದು. ಗುಂಡಿ ಒತ್ತುವ ಕೆಲಸ ಮಗಳ ಪಾಲಿಗೆ ಬಂತು. ಮೂರು ತಿಂಗಳು, ವಾರಕ್ಕೊಮ್ಮೆ ಡಬ್ಬಿ ನೋಡುವ ನೆಪದಲ್ಲಿ ತಿಮ್ಮರಾಜು ಬರುತ್ತಿದ್ದ. ಡಬ್ಬಿ ಎಷ್ಟು ನೋಡಿದನೋ, ಅವಳನ್ನು ಎಷ್ಟು ನೋಡಿದನೋ! ಬಾಯಿ ಬಿಟ್ಟು ಇಬ್ಬರೂ ಏನೂ ಹೇಳಲಿಲ್ಲ. ಅವನು ಬರುವ ದಿನ ಅವಳು ಮಲ್ಲಿಗೆ ಮುಡಿಯುತ್ತಿದ್ದಳು, ಅಷ್ಟೇ.

ಆಮೇಲೆ ಬಂತು ಮಾಗಿ ಚಳಿಯ ಆ ಬೆಳಿಗ್ಗೆ. ಮಾತ್ರೆ ಇಟ್ಟು ಮುಚ್ಚಿದ್ದ ಗೋಡೌನು ತೆರೆಯುವ ದಿನ ಅದು.

ಡಬ್ಬಿ ಹಸಿರು ದೀಪ ತೋರಿಸಿತು. ನಂಬಿ ಮಾರಯ್ಯ ಒಳಗೆ ಹೋದ. ಎರಡು ಗಂಟೆ ಚೀಲ ತಿರುಗಿಸಿದ. ಹೊರಗೆ ಬಂದವನೇ ವಾಂತಿ ಮಾಡಿಕೊಂಡು ಜಗಲಿಯ ಮೇಲೆ ಕುಸಿದ. ಸಂಜೆಗೆ ಆಸ್ಪತ್ರೆಯಿಂದ ಹೆಣ ಬಂತು.

ವಿಚಾರಣೆಯಲ್ಲಿ ತಿಮ್ಮರಾಜು ಎದ್ದು ನಿಂತು ಒಂದೇ ಮಾತು ಹೇಳಿದ. "ನಾನು ಕೊಟ್ಟ ಡಬ್ಬಿ ಸರಿ ಇರ್ಲಿಲ್ಲ. ತಪ್ಪು ನನ್ನದು."

ಕಂಪನಿ ಅವನನ್ನು ಮನೆಗೆ ಕಳಿಸಿತು. ತಿಥಿಯ ದಿನ ಅವನು ಬಾಗಿಲಿಗೆ ಬಂದಾಗ ಗಂಗಲಕ್ಷ್ಮಿ ಮುಖದ ಮೇಲೇ ಕದ ಹಾಕಿದಳು. ಫೋನಿನಲ್ಲಿ ಅವನದಾಗಿದ್ದದ್ದನ್ನೆಲ್ಲ ಒಂದೂ ಬಿಡದೆ ಅಳಿಸಿದಳು. ಮನಸ್ಸಿನಿಂದ ಮಾತ್ರ ಅಳಿಸಲಾಗಲಿಲ್ಲ... ಅದೇ ಅವಳ ದೊಡ್ಡ ನೋವು. ಅಪ್ಪನನ್ನು ಕೊಂದವನಿಗಾಗಿ ಅಳುತ್ತೀನಲ್ಲಾ, ನಾನೆಂಥ ಮಗಳು?

ಈಗ ಅದೇ ಮನುಷ್ಯ, ಅದೇ ಡಬ್ಬಿ. ಕೆಲಸ ಹೋದ ಮೇಲೆ ಅವನು ತಾನೇ ಗೋಡೌನಿಂದ ಗೋಡೌನಿಗೆ ಹೋಗಿ ಇದನ್ನು ಹಾಕಿಕೊಡುತ್ತಿದ್ದ.

ಹಿರಿಯ ಕೆಲಸಗಾರ್ತಿ ಹೊಂಬಾಳಮ್ಮ ನಡುವೆ ಬಂದಳು. "ಇರ್ಲಿ ಬುಡವ್ವಾ. ನಾವು ದಿನಾ ಈ ಗಾಳೀಲೇ ಇರೋರು. ಏನ್ ಹೇಳ್ತಾನೋ ಕೇಳಾನ." ಅವನ ಕಡೆ ತಿರುಗಿ, "ಹೇಳಪ್ಪಾ ನೀನು."

ಗಂಗಲಕ್ಷ್ಮಿ ಸೆರಗು ಬಿಗಿದು ಅಂಗಳಕ್ಕೆ ಹೋಗಿ ಕೂತಳು. ಅವನು ಹೆಂಗಸರಿಗೆ ಹೇಳಿಕೊಡುವುದು ಕೇಳುತ್ತಲೇ ಇತ್ತು. ಕಿವಿ ಮುಚ್ಚಿಕೊಳ್ಳಲು ಅವಳಿಂದ ಆಗಲಿಲ್ಲ.

ಪಾಠ ಮುಗಿದು ಅವರೆಲ್ಲ ಊಟಕ್ಕೆ ಹೋದಾಗ ಅವಳು ಒಳಗೆ ಬಂದಳು. ಗೋಡೆಯ ಮೇಲೆ ಡಬ್ಬಿ. ಅದರ ಕೆಳಗೆ ಒಂದು ಚೀಟಿ ಅಂಟಿಸಿತ್ತು, ಅವನದೇ ದುಂಡು ಅಕ್ಷರ. ಹರಿದು ಬಿಸಾಡೋಣವೆಂದು ಕೈ ಚಾಚಿದವಳು ಓದಿದಳು.

'ಅಂಗಳದಲ್ಲಿ ಹಂಡೆ ಒಲೆಯ ಹೊಗೆ ಇದೆ ಎಂದು ಗೋಡೌನಿನ ಒಳಗೆ ನೀಲಿ ಗುಂಡಿ ಒತ್ತಬೇಡಿ. ಹೊಗೆ ಇಲ್ಲದ ಕಡೆ, ತೋಟದವರೆಗೆ ನಡೆಯಿರಿ. ಹೊಗೆ ಕಾಣದ ಗಾಳಿಯೆಲ್ಲ ಒಳ್ಳೆ ಗಾಳಿಯಲ್ಲ.'

ಹಂಡೆ ಒಲೆಯ ಹೊಗೆ...

ಅವಳ ಕೈ ಅಲ್ಲೇ ನಿಂತಿತು.

ಆ ಬೆಳಿಗ್ಗೆ... ಓಣಿಯ ಎಲ್ಲರ ಮನೆಯಲ್ಲೂ ಸ್ನಾನಕ್ಕೆ ಹಂಡೆ ಕಾಯುತ್ತಿತ್ತು. ಕಾಯಿಮಟ್ಟೆಯ ಹೊಗೆ ಚಳಿಗೆ ಮೇಲೇಳದೆ ಅಂಗಳವನ್ನೆಲ್ಲ ತುಂಬಿತ್ತು. ಕಣ್ಣು ಉರಿ, ಕೆಮ್ಮು. ಇದೆಂಥ ಒಳ್ಳೆ ಗಾಳಿ ಅಂದುಕೊಂಡು ಅವಳು ಗೋಡೌನಿನ ಬಾಗಿಲು ತೆರೆದಿದ್ದಳು. ಒಳಗೆ ಹೊಗೆಯೇ ಇರಲಿಲ್ಲ. ಹೊಸ್ತಿಲ ಒಳಗೆ ಕೈ ಚಾಚಿ...

ನೀಲಿ ಗುಂಡಿ ಒತ್ತಿದ್ದು ಅವಳೇ!

ಒಳಗಿದ್ದ ವಿಷವನ್ನೇ ಒಳ್ಳೆ ಗಾಳಿ ಎಂದು ಡಬ್ಬಿಗೆ ಹೇಳಿಕೊಟ್ಟಿದ್ದು ಅವಳೇ.

ಗಂಗಲಕ್ಷ್ಮಿ ತೋಟದ ಕಡೆ ಓಡಿದಳು. ತಿಮ್ಮರಾಜು ಬೈಕಿಗೆ ಚೀಲ ಕಟ್ಟುತ್ತಿದ್ದ.

"ನಿಮಗೆ ಗೊತ್ತಿತ್ತಾ?" ಅವಳ ದನಿ ಒಡೆಯಿತು. "ನಾನು ಒಳಗೆ ಒತ್ತಿದ್ದು... ನಿಮಗೆ ಮೊದ್ಲಿಂದ್ಲೂ ಗೊತ್ತಿತ್ತಾ?"

ಅವನ ಮುಖ ಬಿಳಿಚಿತು. ಚೀಟಿ ಬರೆದು ತರುವಾಗ ಇವಳು ಇಲ್ಲಿದ್ದು ಓದುತ್ತಾಳೆಂದು ಅವನೆಲ್ಲಿ ಎಣಿಸಿದ್ದ?

"ಹೇಳ್ರೀ!"

"ನೀವೇ ಹೇಳಿದ್ರಿ. ಆವತ್ತು ಬೆಳಿಗ್ಗೆ ವಾಯ್ಸ್ ಮೆಸೇಜ್ ಕಳಿಸಿದ್ರಿ. ನಾನು ಸಭೆಯಲ್ಲಿ ಇದೇ ಡಬ್ಬೀನ ಹೊಗಳ್ತಾ ನಿಂತಿದ್ದೆ. ಫೋನು ಚೀಲದಲ್ಲಿತ್ತು. ಕೇಳೋ ಹೊತ್ತಿಗೆ ನೀವು ಕಳಿಸಿ ಎರಡು ಗಂಟೆ ಕಳೆದುಹೋಗಿತ್ತು. ಫೋನ್ ಮಾಡ್ದೆ... ಆಗಲೇ ನಿಮ್ಮಪ್ಪನ್ನ ಆಟೋಗೆ ಹಾಕ್ತಿದ್ರಂತೆ."

ಅವಳು ತೆಂಗಿನ ಮರಕ್ಕೆ ಒರಗಿ ಕುಸಿದು ಕೂತಳು.

"ನಾನೇ... ನಮ್ಮಪ್ಪನ್ನ ನಾನೇ..."

"ಅಲ್ಲ!" ಅವನು ಅವಳೆದುರು ಮಣ್ಣಿನಲ್ಲೇ ಕೂತ. "ಆಚೆ ಒತ್ತಿ ಅಂದೆ. ಯಾಕೆ ಅಂತ ಸರಿಯಾಗಿ ಹೇಳ್ಲೇ ಇಲ್ಲ. ಹೊಗೆ ಬೇರೆ, ಆ ವಿಷ ಬೇರೆ ಅಂತ ಹೇಳಿಕೊಡಬೇಕಾದೋನು ನಾನು. ನಮ್ಮನೇಲೂ ದಿನಾ ಹಂಡೆ ಕಾಯುತ್ತೆ, ಆದ್ರೂ ನಂಗದು ಹೊಳೀಲಿಲ್ಲ. ತಪ್ಪು ನನ್ನದು ಅಂತ ವಿಚಾರಣೆಲಿ ಹೇಳಿದ್ದು ಸುಳ್ಳಲ್ಲ ಗಂಗಾ."

"ಎರಡು ವರ್ಷ ನಿಮ್ಮನ್ನ ಶಪಿಸಿದೀನಿ..."

"ಶಪಿಸ್ಲಿ ಅಂದ್ಕೊಂಡೆ. ನನ್ನನ್ನ ದ್ವೇಷಿಸ್ತಾ ನೀವು ಬದುಕಬಹುದು. ನಿಮ್ಮನ್ನೇ ನೀವು ದ್ವೇಷಿಸಿದ್ರೆ..." ಅವನು ಮಣ್ಣಿನ ಮೇಲೆ ಬೆರಳಾಡಿಸಿದ. "ನಿಮ್ಮನ್ನ ಅಷ್ಟು ಇಷ್ಟಪಟ್ಟಿದ್ದೆ. ಈಗ್ಲೂ ಅಷ್ಟೇ."

ಗಂಗಲಕ್ಷ್ಮಿ ಬಹಳ ಹೊತ್ತು ಅತ್ತಳು. ಅವನು ಸಮಾಧಾನ ಹೇಳಲು ಹೋಗಲಿಲ್ಲ. ಅವಳ ಪಕ್ಕದಲ್ಲೇ ಕೂತು ತಾನೂ ಕಣ್ಣೊರೆಸಿಕೊಂಡ.

ಕೊನೆಗೆ ಅವಳು ಕೇಳಿದಳು. "ಆ ಮೆಸೇಜು... ಇನ್ನೂ ಐತಾ?"

"ಇದೆ. ಕೊಡ್ಬೇಕು ಅಂತ ಎಷ್ಟೋ ಸಲ ಅನ್ನಿಸಿತ್ತು. ಅದರಲ್ಲಿ ನಿಮ್ಮಪ್ಪನೂ ಮಾತಾಡಿದ್ದಾರೆ."

ಅವಳು ದಿಗ್ಗನೆ ತಲೆ ಎತ್ತಿದಳು. ಮನೆಯಲ್ಲಿ ಅಪ್ಪನ ಫೋಟೋ ಒಂದಿತ್ತು. ದನಿ ಎಲ್ಲೂ ಇರಲಿಲ್ಲ.

ಅವನು ಫೋನು ತೆಗೆದು ಮೆಸೇಜು ಒತ್ತಿದ.

"ಸಾರ್, ಸೊನ್ನೆ ಮಾಡಾಯ್ತು!" ಎರಡು ವರ್ಷ ಹಿಂದಿನ, ನಗುನಗುವ ಗಂಗಲಕ್ಷ್ಮಿ. "ಆಚೆ ಎಲ್ರ ಮನೆ ಹಂಡೆ ಹೊಗೆ ಸಾರ್, ಕಣ್ ಬುಡಕ್ಕಾಗ್ತಿಲ್ಲ. ಅದ್ಕೇ ಒಳಗೇ ಒತ್ಬುಟ್ಟೆ. ಹಸಿರು ಬಂತು!"

ಹಿಂದಿನಿಂದ ಒಂದು ಒರಟು ದನಿ. "ಯಾರವ್ವಾ ಅದು? ತಿಮ್ಮರಾಜಪ್ಪನಾ? ಭಾನುವಾರ ಊಟಕ್ಕೆ ಬರಾಕೇಳು. ನಾಟಿ ಕೋಳಿ ಮಾಡಾನ. ಅವ್ನು ಬಂದ್ರೆ ನಿನ್ ಮಕ ಅರಳ್ತದಲ್ಲಾ, ನಂಗೇನ್ ಕಣ್ ಕಾಣಕಿಲ್ವಾ?"

"ಅಪ್ಪಾ! ಸುಮ್ಕಿರಪ್ಪಾ, ಎಲ್ಲಾ ರೆಕಾರ್ಡ್ ಆಯ್ತದೆ!"

ಮಾರಯ್ಯನ ನಗು. ಅಲ್ಲಿಗೆ ನಿಂತಿತು. ಅಂದು ಅವಳು ನಾಚಿ ಬೆರಳು ತೆಗೆದಿದ್ದೇ ತಡ, ಮೆಸೇಜು ಹೊರಟುಹೋಗಿತ್ತು.

ಗಂಗಲಕ್ಷ್ಮಿ ಫೋನನ್ನು ಎದೆಗೆ ಒತ್ತಿಕೊಂಡಳು. ಅಪ್ಪ... ನಿಂಗೆ ಎಲ್ಲಾ ಗೊತ್ತಿತ್ತಾ?

"ಇನ್ನೊಂದ್ ಸಲ ಹಾಕಿ," ಅಂದಳು.

ಅವನು ಹಾಕಿದ. ಮತ್ತೂ ಒಂದು ಸಲ ಹಾಕಿದ.

ಹೊಂಬಾಳಮ್ಮ ಅಂಗಳದಿಂದ ಇವರನ್ನು ನೋಡಿ, ಕರೆಯಲು ಬಂದವಳು ಸುಮ್ಮನೆ ಹಿಂದಿರುಗಿದಳು.

"ಭಾನುವಾರ ಬತ್ತೀರಾ?" ಗಂಗಲಕ್ಷ್ಮಿ ನೆಲ ನೋಡುತ್ತಾ ಕೇಳಿದಳು. "ಅಪ್ಪ ಕರ್ದಿದ್ರಲ್ಲಾ."

"ಎರಡು ವರ್ಷ ತಡ ಆಯ್ತು."

"ನಮ್ಮವ್ವಂಗೆ ನಿಜ ಹೇಳ್ಬೇಕು. ನಾನೇ ಹೇಳ್ಬೇಕು. ಒಬ್ಳಿಗೇ ಧೈರ್ಯ ಸಾಲ್ದು." ಅವಳು ಮೊದಲ ಸಲ ಅವನ ಕೈ ಹಿಡಿದಳು. "ಹೇಳುವಾಗ ಪಕ್ಕದಾಗೆ ಕೂತ್ಕೊತೀರಾ?"

"ಕೂತ್ಕೊತೀನಿ ಗಂಗಾ."

"ಅವ್ವ ಎದ್ದು ಹೋಗು ಅಂದ್ರೆ?"

"ಜಗಲಿ ಮೇಲೆ ಕೂತಿರ್ತೀನಿ. ನೀವು ಆಚೆ ಬರೋ ತನಕ."