ತಾರೀಖು ಬರೆದ ಕೆಂಪು ತುಂಡುಗಳು

ಇಂಕು ಹಿಡಿದಿದೆಯೇ ಎಂದು ನೋಡಲು ಪ್ರೆಸ್ಸಿನ ಪರೀಕ್ಷಕ ಗವಿಸಿದ್ದೇಶ ಟೇಪು ಒತ್ತಿ ಚರ್ರನೆ ಕಿತ್ತ. ಪ್ಲಾಸ್ಟಿಕ್ ಹಾಳೆಯ ಮೇಲಿನ ನನ್ನ ಕೆಂಪು ಇಂಕು ಅರ್ಧಕ್ಕರ್ಧ ಟೇಪಿಗೇ ಬಂತು.

"ಸ್ವಲ್ಪ ಸಾವಕಾಶ ಜಗ್ಗಾಕ ಬರೂದಿಲ್ಲೇನ್ರಿ?"

"ಸಾವಕಾಶ ಜಗ್ಗಿದ್ರ ನಿಮಗ ಮೋಸ ಮಾಡಿದಂಗ ಆಕ್ಕೈತ್ರಿ, ಕಾಂಚನಾ ಮೇಡಂ."

ತುಟಿ ಬಿಗಿದಿದ್ದ, ಕಣ್ಣು ಮಾತ್ರ ನಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು. ಆ ಕಣ್ಣು ಚೆಂದವಿತ್ತು ಅನ್ನುವುದೂ ನಿಜ, ಸುಳ್ಳೇಕೆ ಹೇಳಲಿ.

ಬೆಟಗೇರಿಯ ಈ ಪ್ರೆಸ್ಸಿನಲ್ಲಿ ಖಾರಪುಡಿ, ಶೇಂಗಾ ಚಟ್ನಿಯ ಪಾಕೀಟು ಅಚ್ಚಾಗುತ್ತವೆ. ಹಳೆಯ ಸಾಲ್ವೆಂಟ್ ಇಂಕಿನ ವಾಸನೆಗೆ ಎಲ್ಲರೂ ತಲೆನೋವಿನ ಗುಳಿಗೆ ನುಂಗಿಯೇ ಕೆಲಸ ಮಾಡುತ್ತಿದ್ದರು. ಅದರ ಬದಲು ನೀರಿನಲ್ಲಿ ಕಲಸುವ ಪಾಲಿಯುರೆಥೇನ್ ಇಂಕು ತಂದೇ ತರುತ್ತೇನೆಂದು ಹಟ ಹಿಡಿದವಳು ನಾನು. ಒಣಗಿಸುವ ಬಿಸಿ ಏರಿಸಿದೆ, ಆಮೇಲೆ ಇಂಕು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿದೆ. ಹತ್ತು ಸಲವೂ ಟೇಪು ಗೆದ್ದಿತು.

ಮಾಲೀಕ ಚನ್ನಬಸವಣ್ಣನವರು ಕಡೆಗೆ ಹೇಳಿಬಿಟ್ಟರು: "ಶನಿವಾರದ ತನಕ ನೋಡೂಣು. ಆಗಲಿಲ್ಲಂದ್ರ ಹಳೇ ಇಂಕ್ ಆತವ್ವಾ. ನೀನೂ ಲಕ್ಷ್ಮೇಶ್ವರಕ್ಕ ಮನಿಗೆ ಹೋಗಿಬಿಡು."

ಶನಿವಾರ ಅವರೇ ಬಂದು ನಿಂತರು. ಆಗಷ್ಟೇ ಅಚ್ಚಾದ ಹಾಳೆಯನ್ನು ನಾನು ಚಾಚಿದೆ. ಗವಿಸಿದ್ದೇಶ ಅದನ್ನು ಬದಿಗಿಟ್ಟು, ಹಿಂದಿನ ಹತ್ತು ಸಲದ ಹಾಳೆಗಳಿಂದ ಕತ್ತರಿಸಿಟ್ಟಿದ್ದ ಹತ್ತು ಕೆಂಪು ತುಂಡುಗಳನ್ನು ಡಬ್ಬಿಯಿಂದ ತೆಗೆದ. ಪ್ರತಿಯೊಂದರ ಮೇಲೂ ಕಾಗೆ ಕಾಲು ಗುಬ್ಬಿ ಕಾಲಿನ ಅಕ್ಷರದಲ್ಲಿ ತಾರೀಖು.

"ಸಾವ್ಕಾರ್ರ, ಹಳೇ ಇಂಕು ಮಷೀನಿಂದ ಬಂದಕೂಡ್ಲೆ ಹಿಡೀತಿತ್ತು. ಅದ ರೂಢಿಗೆ ಇದನ್ನೂ ಆಗಿಂದಾಗ ಜಗ್ಗೀವಿ. ಇದಕ್ಕ ಗಟ್ಟಿ ಆಗಾಕ ಒಂದು ದಿನ ಬೇಕ್ರಿ. ನಿನ್ನಿ ಸಂಜೀಕ ಗೊತ್ತಾತು."

ಎಂದಿನಂತೆಯೇ ಜೋರಾಗಿ ಕಿತ್ತ. ಮೊದಲ ನಾಲ್ಕು ತುಂಡು ಸೋತವು. ಹಾರ್ಡನರ್ ಬೆರೆಸಿದ ಆರರಲ್ಲಿ ಒಂದು ಚುಕ್ಕೆಯೂ ಏಳಲಿಲ್ಲ. ಚನ್ನಬಸವಣ್ಣನವರು ಉಗುರಿನಿಂದ ಕೆರೆದರು, ತಿಕ್ಕಿದರು, ಮತ್ತೆ ಕೆರೆದರು.

"ಖರೇನ ಹಿಡದೈತಿ. ಇನ್ನ ಇದ ಇಂಕು ನಡೀಲಿ" ಎಂದು ಹೊರಟರು.

ನಾನು ಒಂದು ತುಂಡು ಕೈಗೆತ್ತಿಕೊಂಡೆ. "ಟೆಸ್ಟಿಗೆ ಅಂತ ಮೊದಲಿಂದ ತಗದಿಟ್ಟಿದ್ರೇನು?"

"ಇಲ್ರಿ." ಅವನು ನೆಲ ನೋಡಿದ. "ನೀವು ಕಲಸಿದ ಬಣ್ಣ, ಬಿಸಾಕಾಕ ಮನಸ್ಸಾಗಲಿಲ್ಲ. ನಿನ್ನಿ, ಇನ್ನ ನೀವು ಹೊಂಟ್ರಿ ಅಂತ ಅವನ್ನ ಹರವಿಕೊಂಡು ಕುಂತಿದ್ದೆ. ಸಿಟ್ಟಿಗೆ ಒಂದರ ಮ್ಯಾಲ ಟೇಪ್ ಹಚ್ಚಿ ಜಗ್ಗಿದೆ. ಬಣ್ಣ ಬಿಡಲಿಲ್ರಿ."

ಅಷ್ಟು ದಿನದ ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಇವನು ನನಗೆ ಬೇಕು ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಯಿತು.

"ನಾಳಿ ಐತವಾರ ಲಕ್ಷ್ಮೇಶ್ವರಕ್ಕ ನಮ್ಮ ಮನಿಗೆ ಬರ್ರಿ. ಈ ಮಾತು ನಮ್ಮಪ್ಪನ ಮುಂದ ಹೇಳ್ರಿ."

ಅವನು ಬೆವೆತುಹೋದ. "ಅವರು ಒಲ್ಲೆ ಅಂದ್ರ?"

"ಅನ್ಲಿ. ಹೂಂ ಅನ್ನೂತನಕ ನಾವಿಬ್ಬರೂ ಮನಿ ಮುಂದಿನ ಕಟ್ಟಿ ಬಿಟ್ಟು ಏಳೂದಿಲ್ಲ."