ಬಲಕ್ಕೆ ಅಂದಾಗ ಕಂಡದ್ದು

ಫೋಟೋಗಳಿಗೆ ಚೌಕಟ್ಟು ಹಾಕುವ ಅಂಗಡಿಯ ಹಿಂದಿನ ಕೋಣೆ. ಕಿಟಕಿಯಿಂದ ಇಳಿದ ಮಧ್ಯಾಹ್ನದ ಬೆಳಕು ಉದ್ದನೆಯ ಮೇಜಿನ ಅರ್ಧಕ್ಕೇ ಬಂದು ನಿಂತಿದೆ. ಮೇಜಿನ ಮೇಲೆ ಬಿಳಿ ಥರ್ಮಾಕೋಲಿನ ಒಂದು ರೆಕ್ಕೆ. ಅದರ ಒಂದು ತುದಿಗೆ ಇಸ್ತ್ರಿಪೆಟ್ಟಿಗೆಯ ಭಾರ, ಇನ್ನೊಂದು ತುದಿಗೆ ಗಾಜಿನ ಹಾಳೆಗಳ ಭಾರ. ನಟ್ಟನಡುವಿನ ಕೂಡಿಕೆಯನ್ನು ಎರಡೂ ಹೆಬ್ಬೆರಳುಗಳಿಂದ ಒತ್ತಿ ಹಿಡಿದು ಒಬ್ಬಳು ಬಾಗಿ ನಿಂತಿದ್ದಾಳೆ. ಅಂಟು ಒಣಗುವವರೆಗೆ ಲೋಕವೂ ಕದಲಕೂಡದು ಎಂಬಂತೆ ಉಸಿರನ್ನೂ ಅಳೆದು ಬಿಡುತ್ತಿದ್ದಾಳೆ. ಜಾರಿದ ಒಂದೆಳೆ ಕೂದಲು ಮಾತ್ರ ಅವಳ ರೆಪ್ಪೆಯನ್ನು ಕೆಣಕುತ್ತಿದೆ.

ಹಿಂದೆ ಹೆಜ್ಜೆಯ ಸದ್ದಾಯಿತು. ತಂಗಿ ಊಟದ ಡಬ್ಬಿ ತಂದಳೆಂದುಕೊಂಡಳು.

"ಬಂದ್ಯೇನೇ? ಈ ಕೂದಲು ಸ್ವಲ್ಪ ಸರಿಸು... ಕೈ ತೆಗೆದ್ರೆ ರೆಕ್ಕೆ ಬಾಯಿ ಬಿಡುತ್ತೆ!"

ಒಂದು ಬೆರಳು ಬಂದು ಕೂದಲನ್ನು ಮೆಲ್ಲಗೆ ಕಿವಿಯ ಹಿಂದಕ್ಕೆ ಸರಿಸಿತು. ಅದು ತಂಗಿಯ ಬೆರಳಾಗಿರಲಿಲ್ಲ!

"ಯಾರ್ರೀ ನೀವು?" ಕಿರುಚಿದಳೇ ಹೊರತು ಕೈ ತೆಗೆಯಲಿಲ್ಲ.

"ಎದುರಿನ ಆಟಿಕೆ ರಿಪೇರಿಯವನು. ಗಾಜು ಹಾಕಿಸೋಕೆ ಬಂದೆ. ನೀವೇ ಕರೆದ್ರಲ್ಲ..."

"ಕರೆದದ್ದು ತಂಗೀನ!"

"ಹಾಗಾದ್ರೆ ಕೂದಲು ವಾಪಸ್ ಮುಂದಕ್ಕೆ ತರ್ಲಾ?"

ಅವಳು ನಕ್ಕಳು. ಅಂಟು ಒಣಗುವ ಮೊದಲೇ ಏನೋ ಕೂಡಿಕೊಂಡುಬಿಟ್ಟಿತು.

ದೂರದ ಊರಿನ ಒಂದು ಸರ್ವೆ ಕಂಪನಿಗೆ, ಆಕಾಶದಿಂದ ನೆಲದ ಚಿತ್ರ ತೆಗೆಯುವ ಪುಟ್ಟ ವಿಮಾನಗಳನ್ನು ಹಾರಿಸುವವರು ಬೇಕಾಗಿದ್ದರು. ಸ್ವಂತ ಕೈಯಲ್ಲಿ ಕಟ್ಟಿದ ರಿಮೋಟ್ ವಿಮಾನವೊಂದನ್ನು ಪರೀಕ್ಷಕರೆದುರು ಹಾರಿಸಿ ಇಳಿಸಿದರೆ ಕೆಲಸ. ಬೇರೆಯವರ ನಗುವಿಗೆ ಚೌಕಟ್ಟು ಹೊಡೆದೇ ಸವೆದವಳಿಗೆ ಕಂಡ ಕಿಂಡಿ ಅದೊಂದೇ.

ಕೈಯಲ್ಲಿ ಕಾಸಿರಲಿಲ್ಲ. ಗಾಜಿನ ಜೊತೆ ಬರುವ ಪ್ಯಾಕಿಂಗ್ ಥರ್ಮಾಕೋಲು ರೆಕ್ಕೆಯಾಯಿತು, ಮುರಿದ ಫ್ರೇಮಿನ ಪಟ್ಟಿ ಬೆನ್ನೆಲುಬಾಯಿತು. ಕೆಟ್ಟ ಆಟಿಕೆಗಳ ಹೊಟ್ಟೆ ಬಗೆದು ಅವನು ಮೋಟಾರು, ರಿಮೋಟು ಹೊಂದಿಸಿಕೊಟ್ಟ. ಹೊಸದಾಗಿ ಕೊಂಡದ್ದು ಬ್ಯಾಟರಿಯೊಂದೇ. ಅದಕ್ಕೆ ಅವಳ ಸೈಕಲ್ಲು ಹೋಯಿತು.

"ನಡೆಯೋಕೆ ಚಪ್ಪಲಿ ಸರಿಯಿಲ್ಲ, ಹಾರೋಕೆ ಹೊರಟಳು!" ಎಂದಳು ಅಮ್ಮ.

ಒಂದು ಸಂಜೆ ಅವನು ತಲೆಯೆತ್ತದೆ ಕೇಳಿದ. "ಕೆಲಸ ಸಿಕ್ರೆ ಹೋಗಿಬಿಡ್ತೀಯಾ?"

"ಮತ್ತೆ? ನೀನೂ ಬಾ."

"ನನ್ನ ಅಂಗಡಿ?"

"ಆಟಿಕೆ ಎಲ್ಲ ಊರಲ್ಲೂ ಕೆಡುತ್ತೆ ಕಣೋ!"

ಅವನು ಬಿಗಿಯಾಗಿದ್ದ ಸ್ಕ್ರೂವನ್ನೇ ಮತ್ತೆ ಬಿಗಿ ಮಾಡುತ್ತಿದ್ದ.

ಪರೀಕ್ಷೆಯ ಬೆಳಿಗ್ಗೆ, ರೆಕ್ಕೆಯಂಚಿನ ಪಟ್ಟಿಗಳನ್ನು ಎತ್ತಿಳಿಸುವ ಪುಟ್ಟ ಮೋಟಾರು ಸತ್ತುಹೋಯಿತು. ಅವನು ಇನ್ನೊಂದು ಆಟಿಕೆಯದನ್ನು ಕೂರಿಸಿದ.

ಹಾರಿಸುವ ಮುನ್ನ ಒಂದು ರೂಢಿಯಿದೆ. ರಿಮೋಟು ಹಿಡಿದವರು ದಿಕ್ಕು ಕೂಗಬೇಕು. ವಿಮಾನ ಹಿಡಿದವರು ಕಂಡದ್ದನ್ನು ಕೂಗಬೇಕು. ಬಲಕ್ಕೆ ಎಂದರೆ ಬಲದ ಪಟ್ಟಿ ಮೇಲೇಳಬೇಕು, ಆಗಲೇ ವಿಮಾನ ಬಲಕ್ಕೆ ವಾಲುವುದು. ಮೈದಾನದಲ್ಲಿ ರಿಮೋಟು ಹಿಡಿದ ಅವಳ ಕಣ್ಣಿಗೆ ನೇರ ಬಿಸಿಲು. ಪಟ್ಟಿ ಕಾಣುತ್ತಿದ್ದದ್ದು ವಿಮಾನ ಹಿಡಿದ ಅವನಿಗೆ ಮಾತ್ರ.

"ಬಲಕ್ಕೆ!"

ಅವನು ಪಟ್ಟಿ ನೋಡಿದ, ಅವಳತ್ತ ನೋಡಿದ.

"ಬಲದ್ದು ಮೇಲೆ! ಸರಿ ಇದೆ!"

"ಎಡಕ್ಕೆ!"

"ಎಡದ್ದು ಮೇಲೆ! ಬಿಡ್ಲಾ?"

"ಬಿಡು!"

ವಿಮಾನ ಏರಿತು. ಅವಳೂ ಏರಿದಳು! ಗಾಳಿ ಅದನ್ನು ಚೂರು ಎಡಕ್ಕೆ ವಾಲಿಸಿತು. ಅವಳು ಬಲಕ್ಕೆಳೆದಳು, ಅದು ಇನ್ನೂ ವಾಲಿತು. ಗಾಬರಿಯಿಂದ ಇನ್ನಷ್ಟು ಎಳೆದಳು... ಬೆನ್ನಡಿಯಾಗಿ ಮಗುಚಿ ನೆಲಕ್ಕಪ್ಪಳಿಸಿತು.

"ಭಯಕ್ಕೆ ಎಡ ಬಲ ಮರೆಯೋರ ಕೈಗೆ ನಮ್ಮ ವಿಮಾನ ಕೊಡೋಕಾಗಲ್ಲಮ್ಮ" ಎಂದರು ಪರೀಕ್ಷಕರು.

ಪಟ್ಟಿ ಸರಿಯಿತ್ತಲ್ಲ! ಹಾಗಾದರೆ ತಪ್ಪಿದ್ದು ತನ್ನ ಕೈಯೇ...

ಅವನು ಆ ಕೈಯನ್ನು ಹಿಡಿದುಕೊಂಡ. "ಹೆದರಿಕೆಗೆ ಯಾರ ಕೈಯಾದ್ರೂ ತಪ್ಪುತ್ತೆ. ಬಿಡು. ನಾನಿದ್ದೀನಲ್ಲ."

ಅಂದಿನಿಂದ ಅವಳು ಗಾಜು ಕತ್ತರಿಸಿದರೂ ಗೆರೆ ಸೊಟ್ಟಗಾಗುತ್ತಿತ್ತು. ಅವಳು ಅಂಜಿದಷ್ಟೂ ಅವನ ಸಮಾಧಾನ ಸಿಹಿಯಾಯಿತು. ಅವನು ಮದುವೆಯಾಗೋಣವೇ ಎಂದಾಗ, ಈ ಕೈಗಳನ್ನು ಇನ್ಯಾರು ನಂಬುತ್ತಾರೆಂದು ಹೂಂಗುಟ್ಟಿದಳು. ದಿನ ಗೊತ್ತಾಯಿತು.

ಮದುವೆಯ ಸಾಮಾನಿಗೆ ಜಾಗ ಮಾಡಲು ಅಟ್ಟ ತೆರವು ಮಾಡುವಾಗ ಮುರಿದ ವಿಮಾನ ಕೈಗೆ ಬಂತು. ಎಸೆಯುವ ಮುನ್ನ ಕೊನೆಯ ಬಾರಿ ಬ್ಯಾಟರಿ ಸಿಕ್ಕಿಸಿ ರಿಮೋಟಿನ ಕಡ್ಡಿಯನ್ನು ಬಲಕ್ಕೆ ತಳ್ಳಿದಳು.

ಬಲದ ಪಟ್ಟಿ ಕೆಳಗಿಳಿಯಿತು.

'ಅಯ್ಯೋ, ಮೋಟಾರು ಉಲ್ಟಾ ತಿರುಗ್ತಿದೆ! ಕೈ ತಪ್ಪಿರಲಿಲ್ಲ!' ಕಣ್ಣು ತುಂಬಿ ನಕ್ಕಳು. ಮರುಕ್ಷಣ ಕಡ್ಡಿಯನ್ನು ಮತ್ತೆ ಬಲಕ್ಕೆ ತಳ್ಳಿದಳು. ಅವನು... ನೋಡುತ್ತಿದ್ದನಲ್ಲ?

ಸಂಜೆ ಅವನು ಓಡಿಬಂದ. "ಮನೆ ಸಿಕ್ತು ಕಣೇ! ಅಡುಗೆಮನೆಗೂ ಕಿಟಕಿ ಇದೆ!"

"ಇದನ್ನ ಹಿಡ್ಕೋ." ವಿಮಾನವನ್ನು ಕೈಗಿಟ್ಟು ರಿಮೋಟು ಎತ್ತಿಕೊಂಡಳು. "ಬಲಕ್ಕೆ. ಏನು ಕಾಣ್ತಿದೆ, ಹೇಳು."

ಅವನು ಪಟ್ಟಿಯನ್ನೇ ನೋಡಿದ. "ಬಲದ್ದು... ಕೆಳಗೆ."

"ಅವತ್ತು?"

"...ಅವತ್ತೂ ಕೆಳಗೇ."

"ಬೇಕಂತ ಹಾಗೆ ಕೂರಿಸಿದ್ಯಾ?"

"ಇಲ್ಲ! ನಿನ್ನಾಣೆ ಇಲ್ಲ! ಹೇಳೋಕೆ ಬಾಯಿ ತೆಗೆದೆ... ನೀನು ಹೊರಟುಹೋಗೋದು ಕಣ್ಣಿಗೆ ಕಟ್ಟಿತು. ಸರಿ ಇದೆ ಅಂತ ಬಾಯಿಗೆ ಬಂದುಬಿಡ್ತು."

"ದಿನಾ ನನ್ನ ಕೈ ಹಿಡಿದು, ತಪ್ಪಿದ್ದು ಇದೇ ಅಂದೆಯಲ್ಲ... ಅದೂ ತಾನಾಗೇ ಬಾಯಿಗೆ ಬಂತಾ?"

ಅವನು ವಿಮಾನವನ್ನು ಕೆಳಗಿಟ್ಟು ಕುಳಿತ. "ನಿನ್ನ ಬಿಟ್ಟು ಬದುಕೋಕೆ ಬರಲ್ಲ ನನಗೆ. ಪ್ರೀತಿ ಕಣೇ... ಪ್ರೀತಿಗೇ ಹಾಗೆ ಮಾಡಿದೆ."

"ಗೊತ್ತು. ನನಗೂ ಪ್ರೀತಿಯೇ. ಅದಕ್ಕೇ ನಿನ್ನ ಕಣ್ಣು ನಂಬಿ, ನನ್ನ ಕೈ ನಂಬೋದು ಬಿಟ್ಟೆ."

"ಇನ್ನೊಂದು ಕಟ್ಟೋಣ. ನಾನೇ—"

"ಕಟ್ತೀನಿ. ಒಬ್ಬಳೇ."

ಅವನು ಎದ್ದ. ಬಾಗಿಲವರೆಗೆ ಹೋಗಿ ನಿಂತ. ಅವಳು ಹತ್ತಿರ ಬಂದಳು. ಅವನ ತೋಳಿಗಂಟಿದ್ದ ಥರ್ಮಾಕೋಲಿನ ಬಿಳಿ ಕಾಳುಗಳನ್ನು ಒಂದೊಂದಾಗಿ ತೆಗೆದಳು. ಅವನ ಕಣ್ಣಲ್ಲಿ ಆಸೆ ಚಿಗುರಿತು...

"ಅಮ್ಮ ಈಗಷ್ಟೇ ಮೆಟ್ಟಿಲು ತೊಳೆದಿದ್ದಾಳೆ. ನೋಡ್ಕೊಂಡು ಇಳಿ."

"ಹೂಂ... ನೀನು ಊಟ ಮಾಡು."

"ಮಾಡ್ತೀನಿ."

ಅವನು ಹೊರಗೆ ಕಾಲಿಟ್ಟ. ಹಿಂದೆ ಬಾಗಿಲು ಮುಚ್ಚಿಕೊಂಡಿತು.